ಬಾಳಿದ ಕೂಸಿನ ಕುಂಚಿಗೆ

ಕೆಂಪು ಕುಂಚಿಗೆ ಎಲ್ಲಿದೆ ಎಂದು ಡಾಕ್ಟರ್ ಪೂಜಾ ಕೇಳಿದ್ದೇ ತಡ, ದುಂಡಸಿಯ ಮಾದೇವಿ ಸೆರಗನ್ನು ಬಾಯಿಗೆ ಹಚ್ಚಿಕೊಂಡು ಗೋಡೆಯ ಕಡೆ ತಿರುಗಿ ಕುಳಿತಳು.

ಅವರಿದ್ದ ಮಕ್ಕಳ ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಇಡುವ ಕೋಣೆಯೊಂದಿತ್ತು. ಅಲ್ಲಿ ಒಂದರ ಹಿಂದೊಂದು ಮೂರು ಕೂಸುಗಳ ರಕ್ತದಲ್ಲಿ ಶಿಲೀಂಧ್ರದ ಸೋಂಕು ಕಂಡಿತ್ತು. ಮೂರನೆಯದು ಮಾದೇವಿಯ ಮೊಮ್ಮಗ. ಸೋಂಕಿನ ಮೂಲ ಹುಡುಕಲು ಬಂದಿದ್ದ ಪೂಜಾ ನೀರಿನ ನಲ್ಲಿ, ಕೂಸುಗಳ ಗಾಜಿನ ಪೆಟ್ಟಿಗೆ, ಎಣ್ಣೆಯ ಬಾಟಲಿ, ಸಿಸ್ಟರುಗಳ ಉಗುರು, ಕೊನೆಗೆ ತನ್ನ ಸ್ಟೆತಾಸ್ಕೋಪಿಗೂ ಹತ್ತಿ ಸುತ್ತಿದ ಕಡ್ಡಿ ಸವರಿ ಲ್ಯಾಬಿಗೆ ಕಳಿಸಿದ್ದಳು. ಯಾವುದರಲ್ಲೂ ಏನೂ ಸಿಗಲಿಲ್ಲ. ಇವತ್ತು ಬೆಳಿಗ್ಗೆ ಸಿಸ್ಟರೊಬ್ಬಳು ಬೇರೇನೋ ಮಾತಾಡುತ್ತ, ಬೆಚ್ಚಗಿರಲೆಂದು ಮನೆಯವರು ಎದೆಗೆ ಅವುಚಿಕೊಳ್ಳುವ ಹೊತ್ತಿನಲ್ಲಿ ಆ ಮೂರೂ ಕೂಸುಗಳಿಗೆ ತಲೆ, ಬೆನ್ನು ಮುಚ್ಚುವ ಒಂದೇ ಕೆಂಪು ಕುಂಚಿಗೆ ಹಾಕುತ್ತಿದ್ದರು, ಎಷ್ಟು ಚೆಂದ ಕಾಣುತ್ತಿದ್ದವು ಎಂದುಬಿಟ್ಟಳು.

ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ಹಾಕುವವರಲ್ಲ ದುಂಡಸಿ, ಸವಣೂರಿನ ಕಡೆಯವರು. ಮಕ್ಕಳು ಉಳಿದು ಬೆಳೆದ ಮನೆಯಿಂದ ಹಳೆಯದೊಂದನ್ನು ಬೇಡಿ ತರುತ್ತಾರೆ. ಸವಣೂರಿನಲ್ಲಿ ಹುಟ್ಟಿದ ಪೂಜಾಳಿಗೂ ಹಾಗೇ ಹಾಕಿದ್ದರಂತೆ. ಅದಕ್ಕೇ ಅವಳು ಗದರಲಿಲ್ಲ. ಬೆಂಚಿನ ಮೇಲೆ ಮಾದೇವಿಯ ಪಕ್ಕ ಕುಳಿತಳು. ಮುದುಕಿಯೇ ಹೇಳತೊಡಗಿದಳು. ಇಲ್ಲೇ ಇದ್ದ ಹಂಸಭಾವಿಯ ಕೂಸೊಂದು ಹುಟ್ಟಿದಾಗ ಅಂಗೈಯಷ್ಟಿತ್ತು, ಉಳಿದೀತೆಂದು ಯಾರೂ ಅಂದುಕೊಂಡಿರಲಿಲ್ಲ, ಆ ಕುಂಚಿಗೆ ಹಾಕಿದ ಮೇಲೆ ಗುಂಡುಗುಂಡಗೆ ಆಗಿ ಮನೆಗೆ ಹೋಯಿತು. ಹೋಗುವಾಗ ಅದರ ಅಜ್ಜಿ ಪಕ್ಕದ ಕೂಸಿಗೆಂದು ಬಿಟ್ಟು ಹೋದಳು. ಅಲ್ಲಿಂದ ಅದು ಒಬ್ಬರ ಕೂಸಿಗೆ ಹಾಕಿದ ಮೇಲೆ ಇನ್ನೊಬ್ಬರ ಕೂಸಿಗೆಂದು ಕೈಯಿಂದ ಕೈಗೆ ದಾಟುತ್ತ ಬಂದಿದೆ. ಒಗೆದರೆ ಕೂಸಿನ ಆಯುಷ್ಯವನ್ನೇ ತೊಳೆದು ಚೆಲ್ಲಿದಂತೆ ಎಂದು ಅದಕ್ಕೆ ಯಾರೂ ನೀರು ಮುಟ್ಟಿಸಿಲ್ಲ.

"ಈಗ ಯಾರಿಗೆ ಕೊಟ್ಟೀರಿ, ಆಯಿ?"

"ಕೂಸಿಗಂತ ಕೊಟ್ಟಿದ್ದ ಹಿಂದಕ ಇಸಕೊಂಡ್ರ ಅದರ ಆಯುಷ್ಯನ ಇಸಕೊಂಡಂಗ, ಡಾಕ್ಟರಬಾಯಾರ. ಆ ಪಾಪ ನನಗ ಬ್ಯಾಡ್ರಿ."

ಪೂಜಾ ಅವಳ ಕಡೆ ಬಾಗಿದಳು. "ಅಷ್ಟೂ ಕೂಸುಗಳ ಜಡ್ಡ ಅದು ತಾ ಕುಡದೈತಿ ಆಯಿ. ಪಾಪ, ಬಟ್ಟಿ ಎಷ್ಟಂತ ತಡಕೊಂಡೀತು? ರೊಟ್ಟಿಗೆ ಬೂಸರ ಹತ್ತಿದಂಗ ಹತ್ತಿರಬೇಕು. ಕಣ್ಣಿಗೆ ಕಾಣೂದಿಲ್ಲ."

ಮಾದೇವಿ ಅವಳ ಮುಖವನ್ನೇ ನೋಡಿದಳು. "ನನ್ನ ಮನಸ್ಸಿಗೆ ನೋವಾಗಬಾರದಂತ ಸುತ್ತ ಹಾಕಿ ಹೇಳಾಕತ್ತಿ ನೀ. ನಾ ನನ್ನ ಕೈಲೆ ಹಾಕಿದ್ದರಿಂದನ ನನ್ನ ಕೂಸಿಗೆ ಬಂತು. ಹೌದಲ್ಲ?"

ಅಷ್ಟು ಹೊತ್ತು 'ರಿ' ಹಚ್ಚಿ ಮಾತಾಡುತ್ತಿದ್ದವಳು ಈಗ ಮಗಳಿಗೆ ಅಂದಂತೆ ಅಂದಿದ್ದಳು. ಪೂಜಾಳಿಗೆ ಸುಳ್ಳು ಹೇಳಲಾಗಲಿಲ್ಲ. ಮುದುಕಿಯ ಕೈ ಹಿಡಿದು, ಇರಬೇಕು ಎಂದಳು. ಔಷಧ ನಡೆದಿದೆ, ಕೂಸು ಗಟ್ಟಿ ಇದೆ ಎಂದೂ ಹೇಳಿದಳು.

ಮಾದೇವಿ ಎದ್ದು ಪಡಸಾಲೆಯ ಆ ತುದಿಗೆ ನಡೆದಳು. ಅಲ್ಲಿ ರಟ್ಟೀಹಳ್ಳಿಯ ಹಾಲವ್ವ ಕುಳಿತಿದ್ದಳು. ಒಳಗಿದ್ದ ತನ್ನ ಮೊಮ್ಮಗಳಿಗೆ ಮಧ್ಯಾಹ್ನ ಹಾಕಬೇಕೆಂದು ಕುಂಚಿಗೆಯನ್ನು ಚೀಲದಲ್ಲಿ ಜೋಪಾನ ಮಾಡಿಟ್ಟಿದ್ದಳು. ಮಾದೇವಿ ಅದರಿಂದ ಜಡ್ಡು ಬರುತ್ತದೆ ಎಂದು ಬಿಡಿಸಿ ಹೇಳಿ ಕೈ ಚಾಚಿದರೂ ಆಕೆ ನಂಬಲಿಲ್ಲ, ಕೊಟ್ಟದ್ದನ್ನು ಹಿಂದಕ್ಕೆ ಬೇಡುವ ನೆಪ ಎಂದುಕೊಂಡಳು.

"ನಿಮ್ಮದಕ್ಕ ಹಾಕಿದಾಗ ಇರದ ಜಡ್ಡ ನಮ್ಮದಕ್ಕ ಹಾಕೂ ಹೊತ್ತಿಗೆ ಬಂತೇನು?" ಎಂದು ಎಲ್ಲರೂ ಕೇಳುವಂತೆ ಅಂದು, ಕುಂಚಿಗೆಯನ್ನು ಅವಳ ಮೈಮೇಲೆ ಎಸೆದಳು. ಮಾದೇವಿ ಅದನ್ನು ತಂದು ಪೂಜಾ ಹಿಡಿದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಳು. ಲ್ಯಾಬಿನವರು ಕೂಸುಗಳ ರಕ್ತದಲ್ಲಿ ಕಂಡದ್ದನ್ನೇ ಅದರಲ್ಲೂ ಕಂಡರು.

ಹೊಸದಾಗಿ ಯಾವ ಕೂಸಿಗೂ ಸೋಂಕು ತಗಲಲಿಲ್ಲ. ಜಡ್ಡು ಬಿದ್ದ ಮೂರೂ ನಿಧಾನಕ್ಕೆ ಚೇತರಿಸಿಕೊಂಡವು. ಮಾದೇವಿಯ ಮೊಮ್ಮಗ ಮನೆಗೆ ಹೊರಟ ದಿನ, ಅಲ್ಲಿಯವರೆಗೆ ಮಾತು ಬಿಟ್ಟಿದ್ದ ಹಾಲವ್ವ ಬಾಗಿಲ ತನಕ ಬಂದಳು. ಅವಳ ಮೊಮ್ಮಗಳು ಇನ್ನೂ ಗಾಜಿನ ಪೆಟ್ಟಿಗೆಯಲ್ಲೇ ಇದ್ದಳು. ಲ್ಯಾಬಿನ ಸುದ್ದಿ ಅವಳಿಗೂ ಮುಟ್ಟಿತ್ತು, ಆದರೂ ಬರಿಗೈಯಲ್ಲಿ ನಿಲ್ಲಲು ಜೀವ ಒಪ್ಪಿರಲಿಲ್ಲ.

"ಯಕ್ಕಾ, ಬಾಳಿದ ಕೂಸು ನಿಂದು. ನಮ್ಮದಕ್ಕೂ ಏನರ ಒಂದ ಬಿಟ್ಟ ಹೋಗ."

ಮಾದೇವಿ ಹೆಗಲಿಗೆ ಒರಗಿ ಮಲಗಿದ್ದ ಕೂಸನ್ನು ನೋಡಿದಳು. ಅದರ ಮೈಮೇಲಿನದೆಲ್ಲ ಕುದಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದ್ದೇ. ಆದರೂ ಒಂದು ಎಳೆ ದಾರ ಕೊಡಲು ಅವಳಿಗೆ ಧೈರ್ಯವಾಗಲಿಲ್ಲ.

"ಇದರ ಹೆಸರ ಇಟಗೋ," ಎಂದಳು. "ಚನ್ನೇಶ ಅಂತ ಕರಿಯಾಕತ್ತೇವಿ."

"ನಮ್ಮದು ಹೆಣ್ಣ ಐತಲ್ಲ ಯಕ್ಕಾ."

"ಚನ್ನವ್ವ ಅನ್ನು. ಎಷ್ಟ ಮಂದಿ ಬಾಯಾಗ ಉರುಳಾಡಿದ್ರೂ ಹೆಸರಿಗೆ ಹೊಲಸ ಹತ್ತೂದಿಲ್ಲ."