ಸುಣ್ಣ ಬಳಿದ ಕಂಬ

“ತಿರುಗಿಸಿ,” ಎಂದರು ವಿದ್ಯುತ್ ಇಲಾಖೆಯ ಎಂಜಿನಿಯರ್ ಸೋಮಸುಂದರಂ. ಲಿಂಗಪ್ಪನ್ ಹಗ್ಗ ಸುತ್ತುವ ವಿಂಚಿನ ಹಿಡಿಯನ್ನು ಇನ್ನೊಂದು ಸುತ್ತು ತಿರುಗಿಸಿದ. ಉಕ್ಕಿನ ಹಗ್ಗ ಬಿಗಿದು ಗುಂಯ್ ಎಂದಿತು. ಪರೀಕ್ಷೆಗೆಂದು ಸಿಮೆಂಟಿನ ಕರೆಂಟ್ ಕಂಬವನ್ನು ನೆಲದ ಮೇಲೆ ಅಡ್ಡ ಮಲಗಿಸಿ, ಬುಡವನ್ನು ಎರಡು ದಿಮ್ಮಿಗಳ ನಡುವೆ ಕದಲದಂತೆ ಬಿಗಿದಿದ್ದರು. ಹಗ್ಗ ಕಟ್ಟಿದ್ದ ಅದರ ತುದಿ ಎಳೆತದ ಕಡೆಗೆ ಒಂದು ಗೇಣು ವಾಲಿತು.

ಬೆಳ್ಳಿಯಮ್ಮ ಕಂಬದ ಬುಡದ ಹತ್ತಿರ ಕುಕ್ಕುರುಗಾಲಲ್ಲಿ ಕೂತಿದ್ದಳು. ಬಿರುಕು ಬಿಟ್ಟರೆ ಎದ್ದು ಕಾಣಲಿ ಎಂದು ಬೆಳಿಗ್ಗೆ ಅದಕ್ಕೆ ಸುಣ್ಣ ಬಳಿದವಳು ಅವಳೇ. ತಮಿಳು ಸೀಮೆಯ ಸೂಲೂರು ರಸ್ತೆಯ ಅಂಚಿನ ಈ ಹೊಲವೂ ಅವಳದೇ. ಅರ್ಧ ಹೊಲವನ್ನು ಕಂಬ ಎರಕ ಹೊಯ್ಯಲೆಂದು ತಮ್ಮ ಲಿಂಗಪ್ಪನಿಗೆ ಬಿಟ್ಟುಕೊಟ್ಟಿದ್ದಳು. ಈಗ ಅವನು ಉಳಿದರ್ಧವನ್ನೂ ಕೇಳುತ್ತಿದ್ದ. ಮೊದಲ ಕಂಬ ಪಾಸಾಗಲಿ, ಆಮೇಲೆ ಮಾತು. ಫೇಲಾದರೆ ನಿನ್ನ ಅಚ್ಚುಗಳನ್ನೆಲ್ಲ ಎತ್ತಿಕೊಂಡು ನಡಿ ಎಂದಿದ್ದಳು. ಬರಿ ಬಾಯಿಮಾತಲ್ಲ. ಮಳೆ ಬಿದ್ದು ಮಣ್ಣು ಹದಕ್ಕೆ ಬಂದಿತ್ತು. ಕಂಬ ಫೇಲಾದರೆ ಆಗಲೇ ಉಳಲೆಂದು ಆಳು ಸೆಲ್ಲಪ್ಪನ್ ನೇಗಿಲಿಗೆ ಎತ್ತು ಹೂಡಿಕೊಂಡು ಬದುವಿನ ಪಕ್ಕ ನಿಂತಿದ್ದ.

“ಬೆಂಡೆಗಿಡದ ಹಂಗಿದೆಯಲ್ಲೋ ತಂಬಿ. ಇದರ ಮೇಲೆ ಕಾಗೆ ಕೂತರೆ ಏನು ಗತಿ?” ಎಂದಳು ಬೆಳ್ಳಿಯಮ್ಮ ತಮ್ಮನಿಗೆ.

“ಒಳಗೆ ಕಂಬಿ ಇದೆ ಅಕ್ಕಾ.”

“ನಮ್ಮ ನೀರಿನ ತೊಟ್ಟಿಯೊಳಗೂ ಕಂಬಿ ಇತ್ತು. ಒಡೀಲಿಲ್ವಾ?”

“ಅದು ಸುಮ್ಮನೆ ಮಲಗಿದ್ದ ಕಂಬಿ. ಇದನ್ನ ಮೊದಲು ಆ ಕೊನೆಯಿಂದ ಈ ಕೊನೆಗೆ ಜಗ್ಗಿ ಕಟ್ಟಿ, ಆಮೇಲೆ ಸಿಮೆಂಟು ಹೊಯ್ಯೋದು. ಗಟ್ಟಿಯಾದ ಮೇಲೆ ಕೊನೆ ಕತ್ತರಿಸಿಬಿಟ್ಟರೆ ಕಂಬಿ ಕುಗ್ಗೋಕೆ ನೋಡುತ್ತೆ, ಸಿಮೆಂಟು ಬಿಡಲ್ಲ. ಬಂಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ಹಾಕ್ತಾರಲ್ಲ, ಆರಿದ ಮೇಲೆ ಮರಾನ ಹೆಂಗೆ ಅಮುಕಿ ಹಿಡ್ಕೊಳ್ಳುತ್ತೆ? ಹಂಗೇ. ಇದನ್ನ ಯಾರು ಎಳೆದರೂ ಮೊದಲು ಆ ಅಮುಕನ್ನ ಬಿಡಿಸಬೇಕು. ದೊಡ್ಡ ದೊಡ್ಡ ಸೇತುವೆ, ರೈಲು ಹಳಿ ಅಡಿಗೆ ಹಾಸೋದು, ಎಲ್ಲಾ ಈಗ ಇದೇ.”

“ಶರಿ, ರೈಲು ಆಮೇಲೆ ಬಿಡು. ಹಿಡಿ ತಿರುಗಿಸು.”

ಅವನು ತಿರುಗಿಸಿದ. ಗೇಣು ಹೋಗಿ ಮೊಳವಾಯಿತು. ಕಲ್ಲಿನಂಥ ಕಂಬ ಬಿದಿರಿನಂತೆ ಬಾಗುವುದನ್ನು ಬೆಳ್ಳಿಯಮ್ಮ ಬಾಯಿ ತೆರೆದು ನೋಡುತ್ತಿದ್ದಳು. ಆಗಲೇ ಅದು ಕಂಡಿತು. ಹಗ್ಗಕ್ಕೆ ಎದುರು ಮಗ್ಗುಲಲ್ಲಿ, ಬಿಳಿ ಸುಣ್ಣದ ಮೇಲೆ, ತಲೆಗೂದಲು ಅಂಟಿಕೊಂಡಂತೆ ಒಂದು ಗೆರೆ. ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ಎಂಜಿನಿಯರ್ ಇತ್ತ ಬರುವುದು ಕಂಡು, ತಾನೇನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅದರ ಮೇಲೆ ಅಂಗೈ ಊರಿದಳು.

“ಕೈ ತೆಗೀರಿ ಅಮ್ಮಾ,” ಎಂದರು ಅವರು ತಮಿಳಿನಲ್ಲಿ.

“ಏನಿಲ್ಲ ಸಾರ್, ಸುಣ್ಣ ಹಸಿ ಇದೆ,” ಎಂದು ಅವಳೂ ತಮಿಳಿನಲ್ಲೇ ಹೇಳಿದಳು. ಆದರೂ ಕೈ ತೆಗೆಯಬೇಕಾಯಿತು.

ಸೋಮಸುಂದರಂ ಬಗ್ಗಿ ನೋಡಿದರು, ಎಳೆತ ಅಳೆಯಲು ಹಗ್ಗಕ್ಕೆ ಸಿಕ್ಕಿಸಿದ್ದ ಗಡಿಯಾರದಂಥ ಮೀಟರನ್ನೂ ನೋಡಿದರು. “ಬಿರುಕು ಬರೋದು ಬರಲೇಬೇಕು. ತಡವಾಗಿ ಬಂದಿದೆ, ಒಳ್ಳೇದೇ. ಈಗ ಪೂರ್ತಿ ಸಡಿಲ ಬಿಡಿ.”

ಲಿಂಗಪ್ಪನ್ ಹಿಡಿಯನ್ನು ಹಿಂದಕ್ಕೆ ತಿರುಗಿಸಿದ. ಕಂಬ ಮೆಲ್ಲಗೆ, ಮಗ್ಗುಲು ಬದಲಿಸಿ ಮಲಗುವವರಂತೆ, ತನ್ನ ಜಾಗಕ್ಕೆ ಬಂತು. “ಗೆರೆ ಎಲ್ಲಿತ್ತು, ತೋರಿಸಿ,” ಎಂದರು ಎಂಜಿನಿಯರ್. ಬೆಳ್ಳಿಯಮ್ಮ ಉಗುರಿನಿಂದ ತಡಕಿದಳು. ಕಣ್ಣು ಹತ್ತಿರ ಹಿಡಿದು ಹುಡುಕಿದಳು. ಇಲ್ಲ. ಸುಣ್ಣದ ಮೇಲೆ ಅವಳದೇ ಅಂಗೈ ಗುರುತಿತ್ತು, ಗೆರೆ ಇರಲಿಲ್ಲ.

“ಅಯ್ಯಯ್ಯೋ ತಂಬಿ, ಕೂಡಿಕೊಂಡುಬಿಟ್ಟಿದೆಯಲ್ಲೋ! ಈಗಲ್ವಾ ಬಾಯಿ ಬಿಟ್ಟಿದ್ದು?”

“ಒಳಗಿನ ಕಂಬಿ ಎಳ್ಕೊಂಡಿದೆ ಅಕ್ಕಾ.” ಲಿಂಗಪ್ಪನಿಗೆ ನಗು ತಡೆಯಲಾಗಲಿಲ್ಲ.

“ನಗು ಆಮೇಲೆ,” ಎಂದರು ಸೋಮಸುಂದರಂ. “ಪಾಸಾಗಬೇಕಾದರೆ ಮೀಟರಿನ ಮುಳ್ಳು ಈ ಕೆಂಪು ಗೆರೆ ದಾಟಬೇಕು. ಅಷ್ಟರೊಳಗೆ ಮುರಿದರೆ ಮುಗೀತು.”

“ವಾಸಿಯಾದದ್ದನ್ನ ಮತ್ತೆ ಮುರೀತೀರಾ?” ಎಂದು ಬೆಳ್ಳಿಯಮ್ಮ ರೇಗಿದಳು. ಆದರೆ ತಮ್ಮ ಆಗಲೇ ಹಿಡಿಗೆ ಮೈಭಾರ ಹಾಕಿ ತಿರುಗಿಸುತ್ತಿದ್ದ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನನ್ನು ಭುಜದಿಂದ ಒತ್ತರಿಸಿ, ತಾನೂ ಹಿಡಿಗೆ ಕೈ ಹಾಕಿದಳು. ಕಂಬ ಬಾಗಿತು. ಅದೇ ಗೆರೆ ಬಾಯಿ ತೆರೆಯಿತು, ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ಹಗ್ಗ ಕಿರುಗುಟ್ಟಿತು. ಅಕ್ಕ ತಮ್ಮಂದಿರ ಉಸಿರು ಒಂದಾಗಿ ಏರಿತು. ಮುಳ್ಳು ಕೆಂಪು ಗೆರೆಯ ಹತ್ತಿರ ತಡವರಿಸಿತು, ಮುಟ್ಟಿತು, ದಾಟಿತು.

“ಸಾಕು, ಪಾಸ್,” ಎಂದು ಎಂಜಿನಿಯರ್ ಕೈ ಎತ್ತಿದರು.

ಬೆಳ್ಳಿಯಮ್ಮ ಹಿಡಿ ಬಿಡಲಿಲ್ಲ. ಅವಳ ಮುಖ ಬೆವರಿನಿಂದ ಹೊಳೆಯುತ್ತಿತ್ತು.

“ಇನ್ನೂ ಮುರಿದಿಲ್ಲವಲ್ಲ ಸಾರ್,” ಎಂದಳು. ಆಮೇಲೆ ಬದುವಿನ ಕಡೆ ತಿರುಗಿ ಕೂಗಿದಳು: “ಸೆಲ್ಲಪ್ಪಾ, ಎತ್ತು ಬಿಚ್ಚಿ ಬಾ. ಇಲ್ಲಿ ಇನ್ನೊಂದು ಕೈ ಬೇಕು.”