ಕಂಪನ ಸೊನ್ನೆ

ಉಕ್ಕಿನ ಕಾಲುಸೇತುವೆಯ ಕಂಪನದ ಲೆಕ್ಕ ನೋಡುತ್ತಿದ್ದಂತೆ ಮುಖ್ಯ ಎಂಜಿನಿಯರರ ಪಿತ್ತ ನೆತ್ತಿಗೇರಿತು. ನಿನ್ನೆಯಷ್ಟೇ ಅವರು ಜೀಪಿನಿಂದ ಇಳಿಯದೆ ಸೇತುವೆಯ ತಪಾಸಣೆ ಮುಗಿಸಿ, ಪಾಸು ಮಾಡಿ ಬಂದಿದ್ದರು. ಸಂಜೆ ಉದ್ಘಾಟನೆ.

“ಏನಮ್ಮಾ ಇದು? ಮ್ಯಾಟ್ರಿಕ್ಸ್ ಕೋಷ್ಟಕದ ತುಂಬ ಸೊನ್ನೆ ಇರೋದು ಸರಿ, ಕಂಪನದ ಉತ್ತರಾನೂ ಸೊನ್ನೆನಾ? ಸೇತುವೇನ ಕಂಬಕ್ಕೆ ಬಿಗಿಯದೇ ಇದ್ರೆ ಮಾತ್ರ ಹೀಗೆ ಬರೋದು! ಲೆಕ್ಕದಲ್ಲಿ ಬೋಲ್ಟ್ ಹಾಕೋದನ್ನೇ ಮರೆತಿದ್ದೀಯ. ಕಾಲೇಜಲ್ಲಿ ಕತ್ತೆ ಕಾಯ್ತಿದ್ಯಾ?”

ಕಿರಿಯ ಎಂಜಿನಿಯರ್ ತಲೆ ತಗ್ಗಿಸಲಿಲ್ಲ.

“ಡ್ರಾಯಿಂಗ್ ಪ್ರಕಾರ ಮಾಡಿದಾಗ ಸರಿಯಾಗೇ ಬಂತು ಸರ್.”

“ಮತ್ತೆ ಇದು ಯಾವುದರ ಪ್ರಕಾರ? ನಿನ್ನ ತಲೆ ಪ್ರಕಾರಾನಾ?” ಅವರು ಮೇಜು ಗುದ್ದಿದರು.

“ಸೇತುವೆ ಪ್ರಕಾರ ಸರ್. ಬೆಳಿಗ್ಗೆ ಕೆಳಗಿಳಿದು ನೋಡಿ ಬಂದೆ. ಅಲ್ಲಿ ಒಂದು ಬೋಲ್ಟೂ ಇಲ್ಲ.”