ನೂರಾ ಹನ್ನೆರಡನೆಯ ಕಾಲರ್

"ಕಾಲರ್ ಮಾತ್ರ ನಿಮ್ಮ ತಂಗಿ ಕೈಲೇ ಹೊಲಿಸಿ," ಎಂದು ಶರ್ಟಿನ ಬಟ್ಟೆ ಕೊಟ್ಟು ಗಿರಾಕಿ ಹೋದ. ಅಕ್ಕನ ಹೊಟ್ಟೆ ಉರಿದುಹೋಯಿತು. 'ಹೊಲಿಗೆ ದೊಡ್ಡವಳಿಗೆ ಹುಟ್ಟಿನಿಂದಲೇ ಬಂದದ್ದು' ಎನ್ನುತ್ತಿದ್ದ ಅಪ್ಪ. ಆಗ ಚಿಕ್ಕವಳು ಸೂಜಿಗೆ ದಾರ ಪೋಣಿಸಲೂ ತಡಕಾಡುತ್ತಿದ್ದಳು.

ತಂಗಿ ಊಟಕ್ಕೆ ಎದ್ದದ್ದೇ ತಡ, ಕಾಲರ್ ಕತ್ತರಿಸುವ ಯಾವುದೋ ಅಚ್ಚು ಬಚ್ಚಿಟ್ಟುಕೊಂಡಿರಬೇಕು ಎಂದು ಅಕ್ಕ ಅವಳ ಮೆಷಿನ್ನಿನ ಡ್ರಾಯರ್ ಎಳೆದಳು. ಹಳೆ ಬೆಡ್‌ಶೀಟ್ ಕತ್ತರಿಸಿ ಹೊಲಿದ ಕಾಲರ್‌ಗಳು ಅದರ ತುಂಬ ಕಿಕ್ಕಿರಿದಿದ್ದವು. ಒಂದೊಂದರ ಮೇಲೂ ಪೆನ್ನಿನಲ್ಲಿ ನಂಬರು, ಪಕ್ಕದಲ್ಲೇ ತಪ್ಪು: 'ಎಡತುದಿ ಸೊಟ್ಟ.' 'ಇವತ್ತೂ ಸೊಟ್ಟ.' ನೂರಾ ಹನ್ನೆರಡನೆಯದರ ಮೇಲೆ, 'ಪರವಾಗಿಲ್ಲ, ಬರುತ್ತೆ.'

"ಏನಕ್ಕಾ ಹುಡುಕ್ತಿದ್ದೀಯ?" ತಂಗಿ ಬಾಗಿಲಲ್ಲಿ ನಿಂತಿದ್ದಳು.

ಅಕ್ಕ ತಲೆ ಎತ್ತಲಿಲ್ಲ. "ಹಳೆ ಬೆಡ್‌ಶೀಟ್ ಇನ್ನೂ ಉಳಿದಿದೆಯೇನೇ?"